ತಡವಾಗಿ ತಲಪುವ ಆಜ್ಞೆ

ಕುದುರೆಗೂ ಸವಾರನಿಗೂ ನಡುವೆ ಇರುವುದು ಒಂದು ತೊಗಲಿನ ಪಟ್ಟಿ ಮಾತ್ರ. ಕೈ ಎಳೆದೊಡನೆಯೇ ಕುದುರೆಗೆ ಅದು ತಿಳಿಯುತ್ತದೆ. ಡ್ರೋನ್ ಎಂಬ ಮಾನವರಹಿತ ವಿಮಾನವನ್ನು ಕಂಪ್ಯೂಟರಿನ ಜಾಯ್‌ಸ್ಟಿಕ್ಕಿನಿಂದ ನಡೆಸುವವನ ಪಾಡು ಹಾಗಲ್ಲ. ಅವನು ಹಿಡಿಕೆಯನ್ನು ಎಡಕ್ಕೆ ಬಾಗಿಸುತ್ತಾನೆ. ತೆರೆಯ ಮೇಲಿನ ದೃಶ್ಯ ಇನ್ನೂ ನೆಟ್ಟಗೇ ಸಾಗುತ್ತಿರುತ್ತದೆ. ಆಜ್ಞೆ ಸಾಲದಾಯಿತೇನೋ ಎಂದು ಮತ್ತಷ್ಟು ಬಾಗಿಸುತ್ತಾನೆ. ಅಷ್ಟರಲ್ಲಿ ವಿಮಾನ ಬೇಕಾದುದಕ್ಕಿಂತ ಹೆಚ್ಚಾಗಿ ಎಡಕ್ಕೆ ಹೊರಳಿಬಿಡುತ್ತದೆ. ಅದನ್ನು ತಿದ್ದಹೋದರೆ ಬಲಕ್ಕೂ ಅದೇ ಗತಿ. ಈ ತೊಂದರೆಯ ಮೂಲವೆಲ್ಲಿ?

ವಿಳಂಬವೆಲ್ಲಿ ಹುಟ್ಟುತ್ತದೆ?

ತಪ್ಪು ರೇಡಿಯೋ ತರಂಗದ್ದೆಂದು ಹಲವರು ಭಾವಿಸುವುದುಂಟು. ಆದರೆ ಆ ತರಂಗ ಸೆಕೆಂಡಿಗೆ ಸುಮಾರು 3,00,000 ಕಿ.ಮೀ. ವೇಗದಿಂದ ಸಾಗುತ್ತದೆ. ಒಂದು ಕಿ.ಮೀ. ದೂರದ ಡ್ರೋನನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ಮೂರು ಲಕ್ಷದಲ್ಲೊಂದು ಪಾಲು ಸಾಕು. ಕಾಲ ವ್ಯಯವಾಗುವುದು ದಾರಿಯಲ್ಲಲ್ಲ, ತಂಗುದಾಣಗಳಲ್ಲಿ.

ಹಿಡಿಕೆ ಎಲ್ಲಿದೆಯೆಂದು ಕಂಪ್ಯೂಟರು ಆಗಾಗ ವಿಚಾರಿಸುತ್ತದೆ. ಸೆಕೆಂಡಿಗೆ 125 ಸಲ ವಿಚಾರಿಸಿದರೂ ಎರಡು ವಿಚಾರಣೆಗಳ ನಡುವೆ 8 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದ ಎಂಟು ಪಾಲು, ಕಳೆಯುತ್ತದೆ. ಬಳಿಕ ಆಜ್ಞೆಯನ್ನು ಸಂದೇಶವಾಗಿಸಿ ಕಳುಹಿಸಬೇಕು. ಸೆಕೆಂಡಿಗೆ 25 ಸಂದೇಶಗಳು ಹೊರಡುವ ಏರ್ಪಾಡಿದ್ದರೆ, ಆಗತಾನೆ ಹುಟ್ಟಿದ ಆಜ್ಞೆ 40 ಮಿಲಿಸೆಕೆಂಡಿನವರೆಗೂ ಸರದಿ ಕಾಯಬೇಕಾದೀತು. ವಿಮಾನವು ಅದನ್ನು ಓದಿ, ಮೋಟಾರುಗಳ ವೇಗ ಬದಲಿಸಿ, ತನ್ನ ಜಡತ್ವವನ್ನು ಮೀರಿ ವಾಲಬೇಕು. ಇನ್ನು ಮರುಪ್ರಯಾಣ: ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾ ಪ್ರತಿ ಚಿತ್ರಕ್ಕೂ 33 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಚಿತ್ರವನ್ನು ಅಡಕಗೊಳಿಸುವುದು, ಕಳುಹಿಸುವುದು, ಬಿಡಿಸುವುದು, ತೆರೆಯ ಮೇಲೆ ಮೂಡಿಸುವುದು - ಎಲ್ಲಕ್ಕೂ ಕಾಲ ಬೇಕು. ಕೊನೆಯ ತಂಗುದಾಣ ಮನುಷ್ಯನೇ: ಕಣ್ಣು ಕಂಡುದಕ್ಕೆ ಕೈ ಓಗೊಡಲು ಸುಮಾರು 200 ಮಿಲಿಸೆಕೆಂಡು.

ಹನಿಗೂಡಿ ಹಳ್ಳ. ಯಂತ್ರಗಳ ವಿಳಂಬವೆಲ್ಲ ಸೇರಿ 300 ಮಿಲಿಸೆಕೆಂಡಾಯಿತೆನ್ನೋಣ. ಸೆಕೆಂಡಿಗೆ 10 ಮೀಟರು ಹಾರುವ ಡ್ರೋನ್ ಅಷ್ಟರಲ್ಲಿ 3 ಮೀಟರು ಮುಂದೆ ಸಾಗಿರುತ್ತದೆ. ತೆರೆಯಲ್ಲಿ ಇನ್ನೂ ದೂರವಿರುವ ಮರದ ಕೊಂಬೆ ನಿಜದಲ್ಲಿ ರೆಕ್ಕೆಯ ಬಳಿಯೇ ಇರಬಹುದು.

ಇದನ್ನು ಅಳೆಯುವುದು ಕಷ್ಟವಲ್ಲ. ನೆಲದ ಮೇಲಿರುವ ಡ್ರೋನಿನ ಕ್ಯಾಮೆರಾದ ಮುಂದೆ, ಓಡುತ್ತಿರುವ ಸ್ಟಾಪ್‌ವಾಚನ್ನಿಡಿ. ಆ ಗಡಿಯಾರವೂ ತೆರೆಯಲ್ಲಿ ಕಾಣುವ ಅದರ ಬಿಂಬವೂ ಒಟ್ಟಿಗೆ ಬರುವಂತೆ ಬೇರೊಂದು ಕ್ಯಾಮೆರಾದಿಂದ ಚಿತ್ರ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ದೃಶ್ಯದ ವಿಳಂಬ.

ಉಯ್ಯಾಲೆಯ ಪಾಠ

ತಡವಾದರೆ ಕೆಲಸ ನಿಧಾನವಾದೀತು, ಅಷ್ಟೇ ತಾನೆ ಎನ್ನಬಹುದು. ಅಷ್ಟೇ ಅಲ್ಲ. ತೂಗುವ ಉಯ್ಯಾಲೆಯನ್ನು ನಿಲ್ಲಿಸಲು, ಅದು ನಮ್ಮತ್ತ ಬರುವಾಗ ಎದುರಾಗಿ ಒತ್ತುತ್ತೇವೆ. ಅದರ ವೇಗ ಕುಂದುತ್ತದೆ. ಅದೇ ಒತ್ತು ಅರ್ಧ ತೂಗಾಟದಷ್ಟು ತಡವಾಗಿ ಬಿದ್ದರೆ? ಆಗ ಉಯ್ಯಾಲೆ ನಮ್ಮಿಂದ ದೂರ ಸಾಗುತ್ತಿರುತ್ತದೆ; ನಿಲ್ಲಿಸಬೇಕಾದ ಒತ್ತೇ ಅದನ್ನು ಮತ್ತಷ್ಟು ಮೇಲಕ್ಕೆ ತೂಗುತ್ತದೆ. ಡ್ರೋನಿನ ಓಲಾಟವೂ ಹೀಗೆಯೇ ಬೆಳೆಯುತ್ತದೆ. ಚಾಲಕನು ಹೆಚ್ಚು ಶ್ರಮಿಸಿದಷ್ಟೂ ಕೇಡು ಹೆಚ್ಚು.

ಒಂದೇ ಸಮನಾದ ವಿಳಂಬಕ್ಕೆ ಕೈ ಕ್ರಮೇಣ ಹೊಂದಿಕೊಳ್ಳಬಲ್ಲದು. ಕ್ಷಣಕ್ಷಣಕ್ಕೂ ಬದಲಾಗುವ ವಿಳಂಬ ಮಾತ್ರ ಕಲಿಕೆಗೆ ದಕ್ಕದು. ಆದುದರಿಂದಲೇ, ದಾರಿಯಲ್ಲಿ ಕಳೆದುಹೋದ ಹಳೆಯ ಆಜ್ಞೆಯನ್ನು ಮತ್ತೆ ಕಳುಹಿಸುವುದಕ್ಕಿಂತ ಅದನ್ನು ಕೈಬಿಟ್ಟು, ಹಿಡಿಕೆಯ ಈಗಿನ ಸ್ಥಾನವನ್ನು ತಿಳಿಸುವುದೇ ಲೇಸು.

ಉಪಗ್ರಹದ ಮೂಲಕ

ದೂರವೇ ಅಡ್ಡಿಯಾಗುವ ಸಂದರ್ಭಗಳೂ ಉಂಟು. ಅಮೆರಿಕದ ವಾಯುಸೇನೆಯು ಪ್ರಿಡೇಟರ್ ಮತ್ತು ರೀಪರ್ ವಿಮಾನಗಳನ್ನು ಅಫ್ಘಾನಿಸ್ತಾನದಲ್ಲಿ ಹಾರಿಸಿದಾಗ ಚಾಲಕರು ನೆವಾಡದಲ್ಲಿ ಕುಳಿತಿದ್ದರು. ಭೂಸ್ಥಿರ ಉಪಗ್ರಹವಿರುವುದು 35,786 ಕಿ.ಮೀ. ಎತ್ತರದಲ್ಲಿ. ಆಜ್ಞೆ ಉಪಗ್ರಹಕ್ಕೇರಿ ಇಳಿಯಲು ಸುಮಾರು ಕಾಲು ಸೆಕೆಂಡು, ದೃಶ್ಯ ಅದೇ ದಾರಿಯಲ್ಲಿ ಮರಳಲು ಇನ್ನೊಂದು ಕಾಲು ಸೆಕೆಂಡು; ಯಂತ್ರಗಳ ವಿಳಂಬ ಬೇರೆ. ನಡುಹಾದಿಯ ಹಾರಾಟಕ್ಕೆ ಇದು ನಡೆದೀತು, ನೆಲ ಮುಟ್ಟುವ ಗಳಿಗೆಯಲ್ಲಿ ನಡೆಯದು. ಆದುದರಿಂದ ಏರಿಸುವ, ಇಳಿಸುವ ಕೆಲಸವನ್ನು ವಿಮಾನನೆಲೆಯಲ್ಲಿಯೇ ಇದ್ದ ಬೇರೊಂದು ತಂಡ ನೇರ ರೇಡಿಯೋ ಸಂಪರ್ಕದಿಂದ ಮಾಡುತ್ತಿತ್ತು.

ಪರಿಹಾರ

1960ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯ ಫೆರೆಲ್ ಮತ್ತು ಶೆರಿಡನ್ ದೂರದ ಯಾಂತ್ರಿಕ ತೋಳನ್ನು ವಿಳಂಬದೊಡನೆ ನಡೆಸುವ ಪ್ರಯೋಗಗಳನ್ನು ಕೈಗೊಂಡರು. ಕೆಲಸಗಾರರು ತಾವಾಗಿಯೇ ಒಂದು ಉಪಾಯ ಕಂಡುಕೊಂಡರು: ತುಸು ಚಲಿಸು, ಫಲ ಕಾಣುವವರೆಗೆ ಕಾಯು, ಮತ್ತೆ ಚಲಿಸು.

ಆದರೆ ಆಕಾಶದಲ್ಲಿ ಕಾಯುವುದು ಹೇಗೆ? ವಿಮಾನ ತನ್ನನ್ನು ತಾನೇ ಹಿಡಿದು ನಿಲ್ಲಿಸಿಕೊಳ್ಳಬಲ್ಲುದಾದರೆ ಮಾತ್ರ. ಇಂದಿನ ಡ್ರೋನಿನ ಒಡಲಲ್ಲಿರುವ ಗೈರೋಸ್ಕೋಪು ಮತ್ತು ಗಣಕಗಳು ವಾಲುವಿಕೆಯನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಅಳೆದು ಮೋಟಾರುಗಳನ್ನು ತಿದ್ದುತ್ತವೆ. ಈ ತಿದ್ದುಪಡಿ ನೆಲದವರೆಗೆ ಬಂದುಹೋಗಬೇಕಾಗಿಲ್ಲ. ಚಾಲಕನು ಎಷ್ಟು ವಾಲಬೇಕು, ಎತ್ತ ಸಾಗಬೇಕು ಎಂದಷ್ಟೇ ತಿಳಿಸುತ್ತಾನೆ. ಸ್ಥಾನ ಕಾಯುವ ಏರ್ಪಾಡಿರುವ ಡ್ರೋನ್, ಹಿಡಿಕೆಯನ್ನು ಬಿಟ್ಟರೆ ಇದ್ದಲ್ಲೇ ತೇಲುತ್ತ ನಿಲ್ಲುತ್ತದೆ. ಓಲಾಟ ಆರಂಭವಾದಾಗ ಹೀಗೆ ಕೈಬಿಡುವುದೇ ಹೊಸ ಚಾಲಕನು ಕಲಿಯಬೇಕಾದ ಮೊದಲ ಪಾಠ.

ಈ ದಾರಿಯ ಕೊನೆಯಲ್ಲಿ ಜಾಯ್‌ಸ್ಟಿಕ್ಕೇ ಇಲ್ಲ. 2021ರ ಏಪ್ರಿಲ್ 19ರಂದು ಇಂಜೆನ್ಯುಯಿಟಿ ಎಂಬ 1.8 ಕಿಲೋಗ್ರಾಮಿನ ಹೆಲಿಕಾಪ್ಟರ್ ಮಂಗಳನ ಮೇಲೆ 3 ಮೀಟರು ಎತ್ತರಕ್ಕೇರಿ 39 ಸೆಕೆಂಡು ಹಾರಿತು. ಅಲ್ಲಿಂದ ಭೂಮಿಗೆ ಸಂದೇಶ ಬರಲು ಅಂದು ಕಾಲು ಗಂಟೆಗೂ ಹೆಚ್ಚು ಕಾಲ ಬೇಕಾಗಿತ್ತು. ಹಾರಾಟದ ಯೋಜನೆಯನ್ನು ಮೊದಲೇ ಕಳುಹಿಸಿದ್ದ ವಿಜ್ಞಾನಿಗಳು ಉಳಿದುದೆಲ್ಲವನ್ನೂ ಅದರ ಗಣಕಕ್ಕೇ ಬಿಟ್ಟಿದ್ದರು. ಅದು ಏರಿತೆಂಬ ಸುದ್ದಿ ಅವರಿಗೆ ಮುಟ್ಟುವ ಹೊತ್ತಿಗೆ, ಹೆಲಿಕಾಪ್ಟರ್ ಇಳಿದು ಎಷ್ಟೋ ಹೊತ್ತಾಗಿತ್ತು.