ಕಿಲೀಮಿನ ಕುರುಹುಗಳು

ಕನ್ನಡದಲ್ಲಿ 'ಹಾಸುಹೊಕ್ಕು' ಎಂಬ ಸೊಗಸಾದ ಮಾತೊಂದುಂಟು. ಎರಡು ವಸ್ತುಗಳು ಬೇರ್ಪಡಿಸಲಾರದಂತೆ ಬೆರೆತಿವೆಯೆಂದು ಹೇಳುವಾಗ ಅದನ್ನು ಬಳಸುತ್ತೇವೆ. ಅದು ಮಗ್ಗದ ಮನೆಯಿಂದ ಬಂದ ಮಾತೆಂಬುದನ್ನು ಮರೆತಿರುತ್ತೇವೆ. ಉದ್ದಕ್ಕೆ ಬಿಗಿದ ನೂಲು ಹಾಸು. ಅದರ ನಡುವೆ ಅಡ್ಡಲಾಗಿ ಸಾಗುವ ನೂಲು ಹೊಕ್ಕು. ತುರ್ಕಿ ದೇಶದ ಅನಟೋಲಿಯದಲ್ಲಿ ಅಲೆಮಾರಿ ಕುಲಗಳ ಹಾಗೂ ಹಳ್ಳಿಗಳ ಹೆಂಗಸರು ಈ ಎರಡೇ ನೂಲುಗಳಿಂದ ನೇಯ್ದ ನೆಲಹಾಸಿಗೆ 'ಕಿಲೀಮು' ಎಂದು ಹೆಸರು. ಅದರಲ್ಲಿ ಬಟ್ಟೆಯೂ ಬಾಳೂ ನಿಜವಾಗಿ ಹಾಸುಹೊಕ್ಕಾಗಿವೆ.

ಕಿಲೀಮು ರತ್ನಗಂಬಳಿಯಲ್ಲ. ರತ್ನಗಂಬಳಿಯಲ್ಲಿ ಸಾವಿರಾರು ಗಂಟುಗಳನ್ನು ಹಾಕಿ, ತುದಿಗಳನ್ನು ಕತ್ತರಿಸಿ, ಮೆತ್ತನೆಯ ಜುಂಗನ್ನು ಎಬ್ಬಿಸುತ್ತಾರೆ. ಕಿಲೀಮಿನಲ್ಲಿ ಗಂಟೂ ಇಲ್ಲ, ಜುಂಗೂ ಇಲ್ಲ. ಅದು ಚಪ್ಪಟೆಯಾದ ನೇಯ್ಗೆ. ನಮ್ಮ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗಳನ್ನು ಕಂಡವರಿಗೆ ಈ ಬಗೆ ಹೊಸದಲ್ಲ. ಅಲ್ಲಿಯೂ ನೇಯುವವರು ಹೆಂಗಸರೇ. ಪಗಡೆಯ ಹಾಸು, ನವಿಲು ಅವರ ಮೆಚ್ಚಿನ ಚಿತ್ರಗಳು.

ಕಿಲೀಮಿನ ಚಿತ್ರಗಳೆಲ್ಲ ತ್ರಿಕೋನ, ವಜ್ರಾಕೃತಿ, ಮೆಟ್ಟಿಲುಗಳ ರೂಪದಲ್ಲಿಯೇ ಇರುವುದೇಕೆ? ಕಾರಣ ನೇಯ್ಗೆಯಲ್ಲಿಯೇ ಇದೆ. ಇಲ್ಲಿ ಹೊಕ್ಕು ಒಂದಂಚಿನಿಂದ ಇನ್ನೊಂದಂಚಿಗೆ ಹೋಗುವುದಿಲ್ಲ. ಕೆಂಪು ನೂಲು ತನ್ನ ಮನೆಯ ಗಡಿ ಮುಟ್ಟಿ ಹಿಂದಿರುಗುತ್ತದೆ. ನೀಲಿ ನೂಲು ಆಚೆಯಿಂದ ಬಂದು ಅದೇ ಗಡಿಯಲ್ಲಿ ತಿರುಗುತ್ತದೆ. ಇವೆರಡರ ನಡುವೆ ಸಣ್ಣದೊಂದು ಸೀಳು ಉಳಿಯುತ್ತದೆ. ಗಡಿಯನ್ನು ನೆಟ್ಟಗೆ ಮೇಲಕ್ಕೆ ಒಯ್ದರೆ ಸೀಳು ಉದ್ದವಾಗಿ ಬಟ್ಟೆ ದುರ್ಬಲವಾಗುವುದು. ಆದ್ದರಿಂದ ನೇಯುವವಳು ಕೆಲವು ಸುತ್ತುಗಳಿಗೊಮ್ಮೆ ಒಂದೆರಡು ಎಳೆ ಸರಿದು ಗಡಿಯನ್ನು ಓರೆಯಾಗಿಸುತ್ತಾಳೆ. ಬಳ್ಳಿಯ ಬಳುಕು ಇಲ್ಲಿ ಸುಲಭವಲ್ಲ. ಕಂಡದ್ದೆಲ್ಲವೂ ಕೋನಗಳಿಗೆ ಇಳಿಯಬೇಕು.

ಇಂತಹ ಕಟ್ಟಿನೊಳಗೆ ಆ ಹೆಂಗಸರು ಎಷ್ಟು ಕುರುಹುಗಳನ್ನು ಕಂಡುಕೊಂಡಿದ್ದಾರೆ ನೋಡಿ. ವಜ್ರದಂಥ ಒಡಲು, ಇಕ್ಕೆಲಗಳಲ್ಲಿ ಮಡಿಸಿದ ತೋಳುಗಳಿರುವ ಆಕೃತಿಗೆ 'ಎಲಿಬೆಲಿಂದೆ' ಎಂದು ಹೆಸರು. 'ಸೊಂಟದ ಮೇಲೆ ಕೈ' ಎಂದು ಅದರ ಅರ್ಥ; ಅದು ಹೆಣ್ಣಿನ, ತಾಯ್ತನದ ಚಿಹ್ನೆ ಎನ್ನುವರು. ಸುರುಳಿಗೊಂಡ ಕೊಕ್ಕೆಗಳ ಜೋಡಿ ಟಗರಿನ ಕೊಂಬು. ಅದು ಗಂಡಿನ ಬಲಕ್ಕೆ ಕುರುಹು. ಓಲೆಯನ್ನು ನೇಯ್ದ ಕನ್ಯೆ ತನ್ನ ಮದುವೆಯ ಬಯಕೆಯನ್ನು ಹಿರಿಯರಿಗೆ ಸೂಚಿಸುತ್ತಾಳೆಂದು ಹೇಳುತ್ತಾರೆ. ಚೌಕಾಕೃತಿಯೊಂದು 'ಸಂದಿಕ್', ಎಂದರೆ ಮದುವಣಗಿತ್ತಿಯ ಪೆಟ್ಟಿಗೆ. ನಮ್ಮ ಸಂದೂಕವೂ ಅದೇ ಅರಬ್ಬೀ ಮಾತಿನಿಂದ ಬಂದುದಷ್ಟೆ!

ಬಯಕೆಯಂತೆ ಭಯವೂ ಇಲ್ಲುಂಟು. ಡೇರೆಯಲ್ಲಿ ಮಲಗುವವರಿಗೆ ಚೇಳಿನ ಅಂಜಿಕೆ, ಕುರಿ ಕಾಯುವವರಿಗೆ ತೋಳದ ಅಂಜಿಕೆ. ಆದ್ದರಿಂದಲೇ ಚೇಳನ್ನೂ ತೋಳದ ಬಾಯನ್ನೂ ನೇಯ್ದು ಅವುಗಳನ್ನು ದೂರವಿರಿಸುವ ನಂಬಿಕೆ. ಕಣ್ಣಿನ ಆಕೃತಿ ಕೆಟ್ಟ ದೃಷ್ಟಿಯನ್ನು ತಡೆಯುತ್ತದೆ. ಅವರ 'ನಜರ್' ನಮ್ಮ ಉತ್ತರ ಕರ್ನಾಟಕದ 'ನದರು' ಅಲ್ಲದೆ ಬೇರೆಯಲ್ಲ. ಪ್ರಾರ್ಥನೆಯನ್ನು ಬರೆದು ಮುಮ್ಮೂಲೆಯಾಗಿ ಮಡಿಸಿ ಕಟ್ಟಿಕೊಳ್ಳುವ ತಾಯಿತವೇ ನೇಯ್ಗೆಯ ತ್ರಿಕೋನವಾಗಿದೆ.

ಇಷ್ಟನ್ನು ಕೇಳಿದಾಗ, ಕಿಲೀಮನ್ನು ಪುಸ್ತಕದಂತೆ ಓದಿಬಿಡಬಹುದೆಂದು ತೋರುವುದು ಸಹಜ. ಆದರೆ ಇಲ್ಲಿಯೇ ಎಚ್ಚರ ಬೇಕು. ಜೇಮ್ಸ್ ಮೆಲಾರ್ಟ್ ಎಂಬ ಪುರಾತತ್ತ್ವಜ್ಞರು 1961ರಿಂದ 1965ರ ಅವಧಿಯಲ್ಲಿ ಕೊನ್ಯಾ ನಗರದ ಬಳಿಯ ಚತಾಲ್‌ಹ್ಯೂಯುಕ್ ದಿಬ್ಬವನ್ನು ಅಗೆದು, ಸುಮಾರು 9,000 ವರ್ಷಗಳ ಹಿಂದಿನ ಜನವಸತಿಯನ್ನು ಬೆಳಕಿಗೆ ತಂದು ಲೋಕವಿಖ್ಯಾತರಾದರು. 1989ರಲ್ಲಿ ಇತರರೊಡನೆ ಪ್ರಕಟಿಸಿದ ಗ್ರಂಥದಲ್ಲಿ ಅವರು, ಅಲ್ಲಿನ ಗೋಡೆಗಳ ಮೇಲೆ ಕಿಲೀಮಿನ ಆಕೃತಿಗಳನ್ನೇ ಹೋಲುವ ವರ್ಣಚಿತ್ರಗಳಿದ್ದುವೆಂದು ಹೇಳಿ, ತಾವು ಬರೆದ ನಕಲುಗಳನ್ನು ಮುಂದಿಟ್ಟರು. ಸೊಂಟದ ಮೇಲೆ ಕೈಯಿಟ್ಟವಳು ಸಾಕ್ಷಾತ್ ಆದಿಮಾತೆಯಾದಳು! ಆದರೆ ಆ ಚಿತ್ರಗಳಿಗೆ ಛಾಯಾಚಿತ್ರಗಳ ಆಧಾರವಿರಲಿಲ್ಲ. ನೇಯ್ಗೆಯನ್ನು ಬಲ್ಲವರೂ ಉತ್ಖನನವನ್ನು ಬಲ್ಲವರೂ ಸಂಶಯಪಟ್ಟರು. ಮೆಲಾರ್ಟ್ 2012ರಲ್ಲಿ ತೀರಿಕೊಂಡರು. 2018ರಲ್ಲಿ ಎಬರ್‌ಹಾರ್ಡ್ ತ್ಸಾಂಗರ್ ಎಂಬ ವಿದ್ವಾಂಸರು, ಇಂತಹ ಗೋಡೆಚಿತ್ರಗಳನ್ನು ಮೆಲಾರ್ಟ್ ತಾವೇ ಕಲ್ಪಿಸಿ ರಚಿಸಿದ್ದರೆಂಬುದನ್ನು ತೋರುವ ಕರಡುಗಳು ಅವರ ಮನೆಯಲ್ಲಿ ದೊರೆತುವೆಂದು ಪ್ರಕಟಿಸಿದರು.

ಹಾಗಾದರೆ ಕುರುಹುಗಳಿಗೆ ಅರ್ಥವೇ ಇಲ್ಲವೆ? ಹಾಗೆನ್ನುವುದೂ ಸರಿಯಲ್ಲ. ಆಕಾಶದ ಏಳು ನಕ್ಷತ್ರಗಳನ್ನು ನಾವು ಸಪ್ತರ್ಷಿಗಳೆಂದೆವು, ಇಂಗ್ಲಿಷರು ನೇಗಿಲೆಂದರು. ಆ ಹೆಸರುಗಳು ನಕ್ಷತ್ರಗಳ ಗುಟ್ಟನ್ನು ಹೇಳುವುದಿಲ್ಲ. ಹೆಸರಿಟ್ಟವರ ಮನಸ್ಸನ್ನು ಹೇಳುತ್ತವೆ. ಕಿಲೀಮಿನಲ್ಲಿಯೂ ಅಷ್ಟೆ. ಮೊದಲು ಆಕೃತಿಯನ್ನು ಕೊಟ್ಟದ್ದು ಮಗ್ಗವೇ ಆಗಿರಬಹುದು. ಆದರೆ ಅದನ್ನು ಕೊಂಬೆಂದು, ಓಲೆಯೆಂದು, ಪೆಟ್ಟಿಗೆಯೆಂದು ಕರೆದದ್ದು ಹೆಣ್ಣಿನ ನಾಲಗೆ. ಒಂದೇ ಆಕೃತಿಗೆ ಒಂದೂರಿನಲ್ಲಿ ಒಂದು ಹೆಸರು, ಇನ್ನೊಂದೂರಿನಲ್ಲಿ ಬೇರೊಂದು. ಶಬ್ದದಂತೆಯೇ ಚಿತ್ರಕ್ಕೂ ಅರ್ಥ ಬರುವುದು ಬಳಕೆಯಿಂದ.

ಆ ಬಳಕೆಯೇನು ಸಣ್ಣದೆ? ಹುಡುಗಿ ತನ್ನ ಬಳುವಳಿಗೆಂದು ತಾನೇ ಕಿಲೀಮು ನೇಯುತ್ತಿದ್ದಳು. ಅದು ಡೇರೆಯಲ್ಲಿ ಹಾಸಾಗುತ್ತಿತ್ತು, ಹೊದಿಕೆಯಾಗುತ್ತಿತ್ತು. ದವಸದ ಚೀಲಗಳನ್ನೂ ಇದೇ ಬಗೆಯಲ್ಲಿ ನೇಯುತ್ತಿದ್ದರು. ಕಡೆಗೆ ಶವದ ಮೇಲೆ ಹೊದಿಸಿದ ಕಿಲೀಮನ್ನು ಮಸೀದಿಗೆ ಒಪ್ಪಿಸುವ ಪದ್ಧತಿಯಿತ್ತು. ಮಸೀದಿಗಳ ನೆಲದ ಮೇಲೆ ಹೀಗೆ ಪದರಪದರವಾಗಿ ಬಿದ್ದಿದ್ದುದರಿಂದಲೇ ಹಲವು ಹಳೆಯ ಕಿಲೀಮುಗಳು ನಮ್ಮ ಕಾಲಕ್ಕೆ ಉಳಿದು ಬಂದಿವೆ.

ಈ ಹೆಂಗಸರಲ್ಲಿ ಬಹುಮಂದಿಯ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಅವರ ಕೈಗೆಲಸಕ್ಕೆ 9,000 ವರ್ಷಗಳ ದೇವಿಯನ್ನು ತಂದು ಕೂರಿಸಿದರೆ ಗೌರವ ಹೆಚ್ಚಿದಂತೆ ಕಾಣಬಹುದು. ಆದರೆ ಆ ದೇವಿಯ ನೆರಳಿನಲ್ಲಿ, ಚೇಳಿಗೆ ಅಂಜಿದ, ಓಲೆಗೆ ಆಸೆಪಟ್ಟ ನಿಜವಾದ ಹೆಣ್ಣು ಮರೆಯಾಗುತ್ತಾಳೆ. ಸೊಂಟದ ಮೇಲೆ ಕೈಯಿಟ್ಟು ನಿಂತಿರುವವಳು ದೇವಿಯಾಗಬೇಕಾಗಿಲ್ಲ. ದಿನದ ದುಡಿಮೆ ಮುಗಿಸಿ ಅರೆಗಳಿಗೆ ಬೆನ್ನು ನೆಟ್ಟಗೆ ಮಾಡಿಕೊಂಡ ಗೃಹಿಣಿಯೆಂದು ಭಾವಿಸಿದರೂ ಆಕೆಗೆ ಸಲ್ಲುವ ಮರ್ಯಾದೆಗೆ ಕುಂದೇನೂ ಇಲ್ಲ.