ಟ್ರಿಗರ್ ಕರಕರ ಅಂದರೆ ಅರ ಹಿಡಿಯಬೇಡಿ

ಬಿಜ್ಜರಗಿ, ತಿಕೋಟಾ ಕಡೆ ಬೇಸಿಗೆಯ ಗಾಳಿ ಎದ್ದರೆ ಮಣ್ಣಿನ ಪುಡಿ ಹೋಗದ ಜಾಗವಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ, ಹೊಲಿಗೆ ಯಂತ್ರ, ಒಣದ್ರಾಕ್ಷಿ ಶೆಡ್ಡಿನ ಪರದೆ, ಎಲ್ಲದರ ಮೇಲೂ ಒಂದು ಪದರ ಕೂರುತ್ತದೆ. ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುವವರ ಮನೆಯಲ್ಲಿ ಈ ಪುಡಿ ಟ್ರಿಗರಿನ ಒಳಕ್ಕೂ ಇಳಿಯುತ್ತದೆ. ನುಣ್ಣಗೆ ಬರಬೇಕಾದ ಟ್ರಿಗರ್ ಕರಕರ ಅನ್ನುತ್ತದೆ, ನಡುವೆ ತಡೆದು ಜಿಗಿಯುತ್ತದೆ. ಅಷ್ಟಕ್ಕೇ ಅರ, ಪಾಲಿಶ್ ಪೇಪರ್ ಹಿಡಿದು ಕೂರುವವರಿದ್ದಾರೆ. ಬಹುತೇಕ ಸಲ ಅದು ಬೇಕಾಗಿಯೇ ಇರುವುದಿಲ್ಲ.

10 ಮೀಟರ್ ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್ ಮಾತ್ರ. ಪಿಸ್ತೂಲು ಹಿಡಿಯುವುದು ಒಂದೇ ಕೈಯಲ್ಲಿ. ಬೆರಳು ಎಳೆಯುವಾಗ ಒಂದು ಕಡೆ ತಡೆದು ಫಕ್ಕನೆ ಸಡಿಲಾದರೆ ಮಣಿಕಟ್ಟು ಅಲುಗುತ್ತದೆ, ಏಟು ಎಂಟಕ್ಕೋ ಏಳಕ್ಕೋ ಹೋಗುತ್ತದೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಯಂತ್ರ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು 2021ರ ಟೋಕಿಯೊ ಒಲಿಂಪಿಕ್ಸ್ ತೋರಿಸಿತು: ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು, ರಿಪೇರಿಗೆ ಸಮಯ ಹೋಯಿತು, ಎರಡು ಅಂಕದಲ್ಲಿ ಫೈನಲ್ ತಪ್ಪಿತು.

ನಾವು ಎಳೆಯುವ ತುಂಡು ತಾನೇ ಏನನ್ನೂ ಹಾರಿಸುವುದಿಲ್ಲ. ಅದು ಒಳಗಿನ ಸಿಯರ್ ಎಂಬ ಪುಟ್ಟ ಕೊಕ್ಕೆಯನ್ನು ಸರಿಸುತ್ತದೆ. ಸ್ಪ್ರಿಂಗಿನ ಬಲದಿಂದ ಚಿಮ್ಮಲು ಕಾದಿರುವ ಸುತ್ತಿಗೆಯನ್ನು ಹಿಡಿದು ನಿಲ್ಲಿಸಿರುವುದು ಆ ಕೊಕ್ಕೆಯ ಅಂಚು. ಅಂಚು ಜಾರಿತೋ, ಸುತ್ತಿಗೆ ಕವಾಟಕ್ಕೆ ಬಡಿದು ಗಾಳಿ ಬಿಡುತ್ತದೆ, ಪೆಲೆಟ್ ಹೊರಡುತ್ತದೆ. ಈ ಎರಡು ಅಂಚುಗಳು ಒಂದರ ಮೇಲೊಂದು ಕೂತಿರುವ ಜಾಗ ಕೂದಲೆಳೆಯಷ್ಟು. ಅಲ್ಲಿ ಒಂದು ಕಣ ಮಣ್ಣು ಸಿಕ್ಕರೂ ಬೆರಳಿಗೆ ಗೊತ್ತಾಗುತ್ತದೆ. ಮಣ್ಣಿಗೆ ಹಳೆಯ ಎಣ್ಣೆ ಸೇರಿದರಂತೂ ಅರೆಯುವ ಗಾರೆಯೇ.

ರೋಗ ಪತ್ತೆ ಹೀಗೆ. ಮೊದಲು ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ, ಪಿಸ್ತೂಲಿನ ಬಾಯಿ ಗೋಡೆಯ ಕಡೆಗಿರಲಿ. ಪಿಸ್ತೂಲಿಗೆ ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ) ವ್ಯವಸ್ಥೆ ಇದ್ದರೆ ಅದಕ್ಕೆ ಹಾಕಿ, ಕಣ್ಣು ಮುಚ್ಚಿ ನಿಧಾನವಾಗಿ ಹತ್ತಾರು ಸಲ ಎಳೆಯಿರಿ. ಕರಕರ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಬಂದರೆ ಬಹುಮಟ್ಟಿಗೆ ಅದು ಕೊಳೆ. ಪ್ರತಿ ಸಲ ಒಂದೇ ಜಾಗದಲ್ಲಿ ಬಂದರೆ ಲೋಹದ ಮೇಲೆ ಗೀರೋ ಮುಳ್ಳೋ ಇರಬಹುದು. ಇನ್ನೊಂದು ಕಳ್ಳನಿದ್ದಾನೆ: ಬೆರಳೇ. ನೇರ ಹಿಂದಕ್ಕೆ ಎಳೆಯದೆ ಓರೆಯಾಗಿ ಒತ್ತಿದರೆ ಟ್ರಿಗರ್ ಪಕ್ಕದ ಗೋಡೆಗೆ ಉಜ್ಜುತ್ತದೆ. ಇದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಸ್ಪ್ರಿಂಗ್-ಪಿಸ್ಟನ್ ಮಾದರಿಯ ಅಗ್ಗದ ಪಿಸ್ತೂಲನ್ನು ಪೆಲೆಟ್ ಇಲ್ಲದೆ ಹಾರಿಸಬೇಡಿ, ಒಳಗಿನ ಸೀಲ್ ಹಾಳಾಗುತ್ತದೆ.

ಕೊಳೆ ಎಂದಾದರೆ ಗಾಳಿ ಸಿಲಿಂಡರ್ ತೆಗೆದಿಟ್ಟು, ಹಿಡಿಕೆ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಪುಡಿ ಉದುರಿಸಿ. ಹತ್ತಿಯ ಕಡ್ಡಿಗೆ ಬಂದೂಕಿನ ತೆಳು ಎಣ್ಣೆ ಹಚ್ಚಿ ಟ್ರಿಗರ್ ತಿರುಗುವ ಪಿನ್ನು, ಸ್ಪ್ರಿಂಗಿನ ತುದಿಗಳನ್ನು ಒರೆಸಿ, ಒಣ ಕಡ್ಡಿಯಿಂದ ಮತ್ತೆ ಒರೆಸಿ. ಕೊನೆಗೆ ಪಿನ್ನಿಗೆ ಸೂಜಿಮೊನೆಯಷ್ಟು ಎಣ್ಣೆ ಸಾಕು. ಹೊಲಿಗೆ ಯಂತ್ರಕ್ಕೆ ಬಿಡುವ ಹಾಗೆ ಸುರಿದರೆ ಮುಂದಿನ ಗಾಳಿಯ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ಚಳಿಗೆ ಗಟ್ಟಿಯಾಗುತ್ತದೆ. ಸಿಲಿಂಡರಿನ ಒಳಗೆ 200 ಬಾರ್ ಒತ್ತಡದ ಗಾಳಿ ಇರುತ್ತದೆ, ಅದರ ಕವಾಟದ ಹತ್ತಿರ ಎಣ್ಣೆ ಸುಳಿಯಲೇಬಾರದು.

ಸಿಯರಿನ ಅಂಚನ್ನು ತಿಕ್ಕಿ ನಯ ಮಾಡುವ ಕೆಲಸ ಮನೆಯದಲ್ಲ. ಅಂಚಿನ ಕೋನ ಸ್ವಲ್ಪ ಬದಲಾದರೂ ಸುತ್ತಿಗೆ ಸರಿಯಾಗಿ ನಿಲ್ಲದೆ, ಪಿಸ್ತೂಲು ತಗುಲಿದ್ದಕ್ಕೇ ಹಾರೀತು. ತಿಕ್ಕಿ ಹೋದ ಲೋಹ ಮರಳಿ ಬರುವುದಿಲ್ಲ, ಹೊಸ ಭಾಗವೇ ಬೇಕು. ಗುಂಡಿನ ಪಿಸ್ತೂಲಾದರೆ ಮಾತೇ ಬೇರೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ರಿಪೇರಿ ವೃತ್ತಿ ಮಾಡುವವರಿಗೂ ಪರವಾನಗಿ ಇರಬೇಕು. ಲೈಸೆನ್ಸ್ ಇರುವ ಮಾಲೀಕರು ಅದನ್ನು ಪರವಾನಗಿ ಉಳ್ಳ ಬಂದೂಕು ಅಂಗಡಿಗೇ ಕೊಡಬೇಕು, ಊರ ಲೇತ್ ಮಶೀನಿನವರಿಗಲ್ಲ.

ನುಣುಪು ಬೇರೆ, ಹಗುರ ಬೇರೆ. ಕರಕರ ಹೋಗಲೆಂದು ಸ್ಕ್ರೂ ಸಡಿಲಿಸಿ ಟ್ರಿಗರ್ ಹಗುರ ಮಾಡಿದರೆ ಸ್ಪರ್ಧೆಯಲ್ಲಿ ಸಿಕ್ಕಿಬೀಳುತ್ತೀರಿ. ಟ್ರಿಗರ್ ತಡೆದುಕೊಳ್ಳಬೇಕಾದ ತೂಕ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ ಎಂಬುದು ನಿಯಮ. ಪಿಸ್ತೂಲಿನ ಬಾಯಿ ಮೇಲಕ್ಕೆ ಮಾಡಿ ತೂಕವನ್ನು ಟ್ರಿಗರಿಗೆ ತೂಗಿಸಿ ಎತ್ತುತ್ತಾರೆ, ಅವಕಾಶ ಮೂರು ಸಲ. ಸ್ಪರ್ಧೆ ಮುಗಿದ ಮೇಲೂ ಚೀಟಿ ಎತ್ತಿ ತಪಾಸಣೆ ಮಾಡುವುದುಂಟು, ಆಗ ತೂಕ ನಿಲ್ಲದಿದ್ದರೆ ಅನರ್ಹರಾಗುತ್ತೀರಿ. ಸ್ವಚ್ಛ ಮಾಡಿದ ದಿನವೇ ಒಮ್ಮೆ ತೂಗಿ ನೋಡಿಕೊಳ್ಳಿ.