ಮಳೆ ಬಿದ್ದ ಹೊಲದಲ್ಲಿ ವಜ್ರದ ಹುಡುಕಾಟ

ಮುಂಗಾರಿನ ಒಂದೆರಡು ಮಳೆ ಬಿದ್ದವೆಂದರೆ ನಮ್ಮ ಬಳ್ಳಾರಿ ಕಡೆಯ ಕೆಲವರು ಬುತ್ತಿ ಕಟ್ಟಿಕೊಂಡು ಗುಂತಕಲ್ಲಿನ ರೈಲು ಹತ್ತುತ್ತಾರೆ. ಹೋಗುವುದು ಆಂಧ್ರದ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಹೊಲಗಳಿಗೆ. ಕೂಲಿಗಲ್ಲ, ವಜ್ರ ಹುಡುಕಲಿಕ್ಕೆ! ನಗಬೇಡಿ, ಅಲ್ಲಿ ವಜ್ರ ಸಿಗುವುದು ನಿಜ.

ಭೂಮಿಯ ಬಹಳ ಆಳದಲ್ಲಿ ಹುಟ್ಟಿದ ವಜ್ರವನ್ನು ಕಿಂಬರ್ಲೈಟ್ ಎಂಬ ಕಲ್ಲು ಮೇಲಕ್ಕೆ ಹೊತ್ತು ತರುತ್ತದೆ. ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನ ಸುತ್ತ ಇಂಥ ಕಲ್ಲಿದೆ. ಊರ ಹೆಸರೇ ಹೇಳುತ್ತದಲ್ಲ! ಕಲ್ಲು ಸವೆದು ಮಣ್ಣಾದರೂ ವಜ್ರ ಸವೆಯದೆ ಉಳಿಯುತ್ತದೆ. ಮಳೆ ಮೇಲ್ಮಣ್ಣು ತೊಳೆದಾಗ ಕಣ್ಣಿಗೆ ಬೀಳುತ್ತದೆ, ಅದೃಷ್ಟವಿದ್ದರೆ.

ನೆರೆಮನೆಯವರ ಜೊತೆ ನಾನೂ ಒಂದು ದಿನ ಹೋಗಿದ್ದೆ. ಹೊಲದ ತುಂಬ ಬಗ್ಗಿದ ಬೆನ್ನುಗಳು. ಗಂಡಸರು ಬೀಡಿ ಸೇದಲು ಮರದಡಿ ಕೂತರೂ ಹೆಂಗಸರು ತಲೆ ಎತ್ತುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಕಣ್ಣು ನೋಡಿ! ಅರ್ಧ ಗಂಟೆಯಲ್ಲೇ ನನಗೊಂದು ಫಳಫಳ ಹೊಳೆಯುವ ಕಲ್ಲು ಸಿಕ್ಕಿತು. ಎದೆ ಡವಡವ. ಪಕ್ಕದಲ್ಲಿದ್ದ ಅಜ್ಜಿ ನಕ್ಕುಬಿಟ್ಟಳು. "ಬೆಣಚುಕಲ್ಲವ್ವಾ ಅದು. ಗಾಜು ಗೀರಿ ನೋಡ್ತೀಯೇನು? ಅದೂ ಗೀರ್ತೈತಿ." ಸಾಣೆ ಹಿಡಿಯದ ವಜ್ರ ನಮ್ಮ ಮೂಗುಬೊಟ್ಟಿನಂತೆ ಥಳಥಳಿಸುವುದಿಲ್ಲವಂತೆ, ಎಣ್ಣೆ ಸವರಿದ ಗಾಜಿನ ಹರಳಿನಂತೆ ಕಾಣುತ್ತದಂತೆ.

ಸಿಕ್ಕವರ ಪಾಡೂ ಕೇಳಿದೆ. ಒಬ್ಬಾಕೆಗೆ ಹಿಂದೊಮ್ಮೆ ಹೆಸರುಕಾಳಿಗಿಂತ ದಪ್ಪನೆಯದು ಸಿಕ್ಕಿತ್ತು. ಸುದ್ದಿ ಹಬ್ಬುವ ಮೊದಲೇ ವ್ಯಾಪಾರಿ ಹಾಜರ್. ವಜ್ರವನ್ನು ಕ್ಯಾರೆಟ್ಟಿನಲ್ಲಿ ತೂಗುತ್ತಾರೆ, ಒಂದು ಗ್ರಾಮಿಗೆ 5 ಕ್ಯಾರೆಟ್. ಬಣ್ಣ, ಒಳಗಿನ ಕಲೆ ನೋಡಿ ಬೆಲೆ. ಇವಳ ಮುಂದೆ ತಕ್ಕಡಿಯೇ ಬರಲಿಲ್ಲ! "ಹಳದಿ ಐತಿ, ಬಿರುಕು ಐತಿ" ಅಂತ ಹೇಳಿ ನೋಟಿನ ಕಟ್ಟು ಕೈಗಿಟ್ಟನಂತೆ. ಚೀಟಿ ಇಲ್ಲ, ರಸೀದಿ ಇಲ್ಲ.

"ತೂಗಿ ತೋರಿಸು ಅಂತ ಕೇಳಬಾರದಿತ್ತೇನವ್ವಾ?" ಅಂದೆ.

"ಬಾಯಿ ಬರಲಿಲ್ಲಕ್ಕಾ. ಕಸಕೊಂಡಾರು ಅಂತ ಅಂಜಿಕಿ. ಒತ್ತಿ ಇಟ್ಟಿದ್ದ ತಾಳಿ ಬಿಡಿಸಿಕೊಂಡೆ, ಅಷ್ಟು ಬಂತು."

ಅಂದಿನಿಂದ ಪ್ರತಿ ಮಳೆಗೂ ಬರುತ್ತಾಳೆ. ಬಂದಷ್ಟು ದಿನದ ಕೂಲಿ ಹೋಯಿತು, ರೈಲಿನ ಖರ್ಚು ಬೇರೆ. ಹೊಲದವರದೂ ತಪ್ಪೆನ್ನಲಾರೆ. ಬಿತ್ತಿದ ಬೀಜವನ್ನು ನೂರು ಕಾಲು ತುಳಿದರೆ ಯಾರು ಸುಮ್ಮನಿರುತ್ತಾರೆ? ನಮ್ಮನ್ನೂ ಒಬ್ಬ ರೈತ ಬೈದೇ ಕಳಿಸಿದ. ಹೋಗುವುದಾದರೆ ಹೊಲದವರನ್ನು ಕೇಳಿ ಕಾಲಿಡಿ. ಏನಾದರೂ ಸಿಕ್ಕಿದರೆ ತೂಗಿಸದೆ ಕೈಬಿಡಬೇಡಿ.

ಸಂಜೆ ನಾವು ಹೊರಟಾಗ ಆಕೆ ಇನ್ನೂ ಬಗ್ಗಿಯೇ ಇದ್ದಳು. ನನ್ನ ಬೆಣಚುಕಲ್ಲು ಈಗ ತುಳಸಿಕಟ್ಟೆಯ ಮೇಲಿದೆ. ಬೆಳಗಿನ ಬಿಸಿಲಿಗೆ ಚೆನ್ನಾಗಿ ಹೊಳೆಯುತ್ತದೆ.